ಮಳೆಯಲ್ಲಿ ಕದಡಿದ ದಾಬು: ಬಗರೂ ಅಚ್ಚುಗಾರರಲ್ಲಿಗೆ ಹೋದ ಒಂದು ಸಣ್ಣ ಬ್ರ್ಯಾಂಡಿನ ಪ್ರಕರಣ

ನೆದರ್‌ಲ್ಯಾಂಡ್ಸಿನಲ್ಲಿ ಇಬ್ಬರೇ ನಡೆಸುವ ಒಂದು ಉಡುಪಿನ ಬ್ರ್ಯಾಂಡು. ಜೂನ್ ಮೊದಲ ವಾರದಲ್ಲಿ ರಾಜಸ್ಥಾನದ ಬಗರೂವಿಗೆ 320 ಡ್ರೆಸ್ಸುಗಳ ಆರ್ಡರು ಹೋಯಿತು: ತೆಳು ಹತ್ತಿ ಬಟ್ಟೆ, ನೀಲಿ ನೆಲದ ಮೇಲೆ ಬಿಳಿ ಬೂಟಿ (ಸಣ್ಣ ಹೂವಿನ ಚಿತ್ತಾರ), ದಾಬು ಅಚ್ಚು, ಅಂದರೆ ಮಣ್ಣು ಒತ್ತಿ ಬಣ್ಣ ತಡೆಯುವ ಕ್ರಮ. ಆಗಸ್ಟ್ ಕೊನೆಗೆ ಮಾಲು ಕೈಸೇರಬೇಕಿತ್ತು, ಸೇರಿದ್ದು ಸೆಪ್ಟೆಂಬರ್ ನಡುವಿನಲ್ಲಿ. ಪೆಟ್ಟಿಗೆ ಬಿಚ್ಚಿ ನೋಡಿದರೆ 71 ಪೀಸು ಮಾರುವ ಹಾಗಿರಲಿಲ್ಲ. 38ರಲ್ಲಿ ಎದೆಯ ನೀಲಿಗೂ ಕೆಳಗಿನ ಘೇರಿನ (ಲಂಗದಂಥ ಅಗಲ ಭಾಗ) ನೀಲಿಗೂ ತಾಳೆಯಿಲ್ಲ. 21ರಲ್ಲಿ ಬಿಳಿ ಬೂಟಿಯ ಅಂಚು ಕದಡಿದೆ. 12 ಅಳತೆಗಿಂತ ಚಿಕ್ಕವು. ಬಾಕಿ ಹಣ ತಡೆಹಿಡಿಯುತ್ತೇವೆಂಬ ಇಮೇಲನ್ನು ಬರೆದೂ ಆಯಿತು. ಕಳಿಸುವ ಮುಂಚೆ ಒಮ್ಮೆ ಹೋಗಿ ನೋಡೋಣ ಎಂದು ಇಬ್ಬರೂ ನಿರ್ಧರಿಸಿದರು. ಆ ನಿರ್ಧಾರ ಒಳ್ಳೆಯದೇ ಆಯಿತು, ಏಕೆಂದರೆ 71ರಲ್ಲಿ ಬಹುಪಾಲು ತಪ್ಪುಗಳ ಬೇರು ಬಗರೂವಿನಲ್ಲಿರಲಿಲ್ಲ, ಅವರದೇ ಆರ್ಡರು ಹಾಳೆಯಲ್ಲಿತ್ತು.

ಇದು ಯಾವುದೋ ಒಂದು ಕಂಪನಿಯ ಕಡತದಿಂದ ತೆಗೆದದ್ದಲ್ಲ. ಇಂಥ ಆರ್ಡರುಗಳಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕುಗಳನ್ನು ಒಂದೇ ಆರ್ಡರಿಗೆ ಕೂಡಿಸಿ, ಲೆಕ್ಕ ಸ್ಪಷ್ಟವಾಗಲೆಂದು ಅಂಕಿ ಕೊಟ್ಟು ಕಟ್ಟಿದ ಮಾದರಿ ಪ್ರಕರಣ. ಊರು, ಕೆಲಸದ ಕ್ರಮ, ಸಾಮಗ್ರಿ, ಕೆಡುವ ಬಗೆ ಎಲ್ಲವೂ ಬಗರೂವಿನವೇ.

ಹೊರಡುವ ಮುಂಚೆ

ಬಗರೂ ಜೈಪುರದಿಂದ ಅಜ್ಮೇರ್ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಹೊರಗಿನಿಂದ ಬರುವ ಬ್ರ್ಯಾಂಡಿನವರು ಸಾಮಾನ್ಯವಾಗಿ ಬೆಳಿಗ್ಗೆ ಹೋಗಿ, ಫೋಟೊ ತೆಗೆದು, ಊಟದ ಹೊತ್ತಿಗೆ ಜೈಪುರಕ್ಕೆ ಮರಳುತ್ತಾರೆ. ಆ ಅರ್ಧ ದಿನದಲ್ಲಿ ಬಟ್ಟೆಯ ಒಂದೇ ಒಂದು ಹಂತ ಕಣ್ಣಿಗೆ ಬೀಳುತ್ತದೆ. ಬೆಳಿಗ್ಗೆ ಒತ್ತಿದ ದಾಬು ಒಣಗಿ ನೀಲಿಗೆ ಇಳಿದು ಮೇಲೆ ಬಂದು ಮತ್ತೆ ಒಣಗುವುದನ್ನು ನೋಡಲು ಕಡಿಮೆಯೆಂದರೂ ಎರಡು ಪೂರ್ತಿ ದಿನ ಬೇಕು. ಹೊಲಿಗೆ ಘಟಕಕ್ಕೆ ಒಂದು ದಿನ, ಬಟ್ಟೆ ವ್ಯಾಪಾರಿಗೆ ಅರ್ಧ ದಿನ, ಕೊನೆಗೆ ಕೂತು ಮಾತಾಡಲು ಒಂದು ದಿನ. ಈ ಪ್ರಕರಣದಲ್ಲಿ ಇಟ್ಟುಕೊಂಡದ್ದು ಐದು ದಿನ, ದೀಪಾವಳಿಯ ರಜೆ ಕಳೆದು ಕೆಲಸ ಮತ್ತೆ ಹಿಡಿತಕ್ಕೆ ಬಂದ ನವೆಂಬರ್ ನಡುವಿನಲ್ಲಿ. ಹಬ್ಬದ ಎಡಬಲದ ದಿನಗಳಲ್ಲಿ ಹೋದರೆ ಖಾಲಿ ಮೇಜುಗಳನ್ನು ನೋಡಿ ಬರಬೇಕಾಗುತ್ತದೆ.

ವೀಸಾ ವಿಷಯ ಒಂದೇ ಮಾತು: ವ್ಯವಹಾರದ ಮಾತುಕತೆಗೆ ಹೋಗುವವರು ಪ್ರವಾಸಿ ವೀಸಾದಲ್ಲಿ ಹೋಗಬಾರದು, ಇ-ಬಿಸಿನೆಸ್ ವೀಸಾ ತೆಗೆದುಕೊಳ್ಳಬೇಕು. ಹೊರದೇಶದ ಪೌರತ್ವ ಪಡೆದು ಇಂಥ ಸಣ್ಣ ಬ್ರ್ಯಾಂಡು ನಡೆಸುವ ನಮ್ಮ ಕನ್ನಡಿಗರಿಗೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡು ಇದ್ದರೆ ಆ ತಾಪತ್ರಯವಿಲ್ಲ.

ಚೀಲದಲ್ಲಿ ಹೋದದ್ದು: ಮೂರು ಬಗೆಯ ದೋಷದ ಎರಡೆರಡು ಡ್ರೆಸ್ಸು, ತಾವೇ ಒಪ್ಪಿದ್ದ ಮೊದಲ ಸ್ಯಾಂಪಲ್ಲು, ಟೇಪು, ಕತ್ತರಿ, ಬಿಳಿ ಹತ್ತಿಬಟ್ಟೆಯ ಹತ್ತಾರು ಪಟ್ಟಿ. ಜೊತೆಗೆ ಒಂದು ವಾರ ಮೊದಲೇ ಸಂದೇಶ: ‘ತಪಾಸಣೆಗೆ ಬರುತ್ತಿಲ್ಲ, ಈ ಬಟ್ಟೆ ಹಾದುಬಂದ ದಾರಿಯನ್ನು ಮೊದಲಿನಿಂದ ನೋಡಬೇಕು.’ ಈ ಮಾತು ಮುಖ್ಯ. ತಪಾಸಣೆ ಎಂದರೆ ಅಂಗಳ ಗುಡಿಸಿ, ಒಳ್ಳೆಯ ಕೈಯವರನ್ನು ಮುಂದಿನ ಮೇಜಿಗೆ ನಿಲ್ಲಿಸುತ್ತಾರೆ. ತಪ್ಪು ಅವರದಲ್ಲ, ಮನೆಗೆ ನೆಂಟರು ಬಂದರೆ ಯಾರಾದರೂ ಮಾಡುವುದು ಅದನ್ನೇ.

ಆರ್ಡರು ಒಬ್ಬರಿಗೆ, ಕೆಲಸ ಏಳು ಕಡೆ

ಬಿಲ್ಲಿನಲ್ಲಿ ಒಂದೇ ಹೆಸರು ಇರುತ್ತದೆ. ಬಟ್ಟೆ ಮಾತ್ರ ಏಳು ಕೈ ದಾಟುತ್ತದೆ: ಕೋರಾ (ಇನ್ನೂ ಬಣ್ಣ ಕಾಣದ, ಗಂಜಿ ಹೋಗದ) ಬಟ್ಟೆಯ ವ್ಯಾಪಾರಿ, ಅಚ್ಚು ಕೆತ್ತುವವರು, ಬಗರೂವಿನ ಛೀಪಾ ಸಮುದಾಯದ ಅಚ್ಚುಗಾರರು, ನೀಲಿ ಅದ್ದುವವರು, ಒಗೆಯುವವರು, ಜೈಪುರದ ಕಡೆಯ ಕಟಿಂಗ್ ಮಾಸ್ಟರು, ಹೊಲಿಯುವವರು. ಎಳೆ ಕತ್ತರಿಸಿ ಗುಂಡಿ ಹಾಕುವವರನ್ನು ಸೇರಿಸಿದರೆ ಎಂಟು. ‘ನಮ್ಮ ಕುಶಲಕರ್ಮಿಗಳು’ ಎಂದು ವೆಬ್‌ಸೈಟಿನಲ್ಲಿ ಬರೆಯುವವರು ಈ ಎಂಟರಲ್ಲಿ ಎಷ್ಟು ಮಂದಿಯನ್ನು ನೋಡಿದ್ದಾರೆ ಎಂದು ತಮ್ಮನ್ನು ಕೇಳಿಕೊಳ್ಳಬೇಕು. ಸುತ್ತಾಟದ ಕ್ರಮವೂ ಬಟ್ಟೆಯ ಕ್ರಮದಲ್ಲೇ ಇರಬೇಕು. ಹೊಲಿಗೆಯಿಂದ ಶುರುಮಾಡಿ ಹಿಂದಕ್ಕೆ ಹೋದರೆ ಕಾರಣ ಮತ್ತು ಪರಿಣಾಮ ಕಲಸಿಹೋಗುತ್ತವೆ.

ದಾಬು ಎಂದರೆ ಬಣ್ಣ ಒತ್ತುವುದಲ್ಲ, ಬಣ್ಣ ತಡೆಯುವುದು. ಕೆರೆಯ ಕಪ್ಪು ಮಣ್ಣನ್ನು ರಾತ್ರಿಯಿಡೀ ನೆನೆಹಾಕಿ, ಸುಣ್ಣದ ನೀರು, ಗೋಂದು, ಹುಳು ತಿಂದ ಗೋಧಿಯ ಹುಡಿ ಸೇರಿಸಿ ಕಾಲಿನಿಂದ ತುಳಿದು, ಬಟ್ಟೆಯಲ್ಲಿ ಸೋಸುತ್ತಾರೆ. ಹದ ಗಟ್ಟಿ ದೋಸೆ ಹಿಟ್ಟಿನಷ್ಟು. ಮರದ ಅಚ್ಚನ್ನು ಅದರಲ್ಲಿ ಅದ್ದಿ ಬಟ್ಟೆಯ ಮೇಲೆ ಇಟ್ಟು, ಬೆನ್ನಿಗೆ ಮುಷ್ಟಿಯಿಂದ ಗುದ್ದುತ್ತಾರೆ. ಒತ್ತಿದ ಕೂಡಲೇ ಮರದ ಹೊಟ್ಟು ಎರಚುತ್ತಾರೆ. ಹೊಟ್ಟು ಹಸಿಯನ್ನು ಹೀರಿ, ಮಣ್ಣು ಪಕ್ಕದ ಮಡಿಕೆಗೆ ಅಂಟದ ಹಾಗೆ ಕಾಯುತ್ತದೆ, ನೀಲಿಯ ತೊಟ್ಟಿಯಲ್ಲೂ ಮಣ್ಣಿಗೆ ಮೇಲುಹೊದಿಕೆಯಾಗುತ್ತದೆ. ಬಿಸಿಲಿಗೆ ಹರಡಿ ಗರಿಗರಿ ಒಣಗಿಸಿದ ಮೇಲೆ ನೀಲಿ ತೊಟ್ಟಿಗೆ ಇಳಿಸುತ್ತಾರೆ. ಬಟ್ಟೆ ಮೇಲೆ ಬರುವಾಗ ಹಳದಿ-ಹಸಿರು. ಗಾಳಿ ತಾಗುತ್ತಿದ್ದಂತೆ ಅಂಚಿನಿಂದ ಒಳಕ್ಕೆ ನೀಲಿ ಹರಡುತ್ತದೆ. ಒಣಗಿಸಿ ಮತ್ತೆ ಅದ್ದಿದರೆ ಇನ್ನಷ್ಟು ಗಾಢ. ಆದರೆ ಅದ್ದುವ ಸಲ ಹೆಚ್ಚಿದಷ್ಟೂ ಮಣ್ಣು ಮೆತ್ತಗಾಗುತ್ತದೆ. ಗಾಢ ನೀಲಿಯೂ ಬೇಕು, ಹಾಲಿನಂಥ ಬಿಳಿಯೂ ಬೇಕು ಎನ್ನುವುದು ದಾಬುವಿನಿಂದ ಕೇಳಬಹುದಾದ ಅತಿ ಕಷ್ಟದ ಕೆಲಸ. ಈ ಆರ್ಡರು ಕೇಳಿದ್ದು ಅದನ್ನೇ, ಮಳೆಗಾಲದಲ್ಲಿ.

ಕದಡಿದ ಅಂಚು ಏನು ಹೇಳುತ್ತದೆ

21ರ ಗುಂಪಿನ ಒಂದು ಡ್ರೆಸ್ಸನ್ನು ಅಂಗಳದಲ್ಲಿ ಹರಡಿ ಒಂದು ಬೂಟಿಯನ್ನು ಹತ್ತಿರದಿಂದ ನೋಡಬೇಕು. ದಾಬು ಕೈಕೊಡುವುದು ಎರಡು ರೀತಿ, ಎರಡರ ಗುರುತೂ ಬೇರೆ. ಬಿಳಿಯೊಳಗೆ ಕೂದಲೆಳೆಯಂಥ ನೀಲಿ ಗೆರೆಗಳು, ಬತ್ತಿದ ಕೆರೆಯ ತಳದ ಬಿರುಕಿನ ಹಾಗೆ ಕವಲೊಡೆದಿದ್ದರೆ ಮಣ್ಣು ಒಣಗಿದ ಮೇಲೆ ಸೀಳಿದೆ ಎಂದರ್ಥ: ಗೋಂದು ಕಡಿಮೆಯಾಗಿರಬಹುದು, ಅಥವಾ ಒಣಗಿದ ಬಟ್ಟೆಯನ್ನು ಮಡಚಿ ಇಟ್ಟಿರಬಹುದು. ಅನೇಕ ಕೊಳ್ಳುವವರು ಈ ಗೆರೆಗಳನ್ನು ಇಷ್ಟಪಡುತ್ತಾರೆ ಕೂಡ. ಇನ್ನೊಂದು ಬಗೆಯಲ್ಲಿ ಬಿರುಕಿಲ್ಲ. ಬೂಟಿಯ ಸುತ್ತಲ ಅಂಚು ಮಾತ್ರ ಕರಗಿ, ಬಿಳಿಗೂ ನೀಲಿಗೂ ನಡುವೆ ಮಸುಕು ಪಟ್ಟಿ ನಿಂತಿರುತ್ತದೆ, ಎಸಳಿನ ಚೂಪು ತುದಿ ಮೊಂಡಾಗಿರುತ್ತದೆ. ಇದು ಹಸಿ ಮಣ್ಣು ತೊಟ್ಟಿಗೆ ಇಳಿದ ಗುರುತು.

ಇಪ್ಪತ್ತೊಂದೂ ಎರಡನೆಯ ಬಗೆಯವು. ರಾಜಸ್ಥಾನದಲ್ಲಿ ಮಳೆ ಜೂನ್ ಕೊನೆ ಅಥವಾ ಜುಲೈಯಿಂದ ಸೆಪ್ಟೆಂಬರ್‌ವರೆಗೆ. ಬಗರೂವಿನ ಒಣಗಿಸುವ ಬಯಲಿಗೆ ಛಾವಣಿಯಿಲ್ಲ, ಹೊಟ್ಟಿನ ರಾಶಿಯೂ ಹೊರಗೇ ಇರುತ್ತದೆ. ತೇವ ಹೀರಿದ ಹೊಟ್ಟು ಮಣ್ಣಿನ ತೇವವನ್ನು ಹೀರುವುದಿಲ್ಲ. ಮೇಲೆ ಮುಟ್ಟಿದರೆ ಒಣಗಿದಂತೆ ಕಾಣುವ ಮಣ್ಣು ಬಟ್ಟೆಗೆ ತಾಗಿದ ಕಡೆ ಇನ್ನೂ ಹಸಿ. ಪರೀಕ್ಷೆ ಸುಲಭ: ಬಟ್ಟೆಯ ಹಿಂಬದಿಯನ್ನು ಕೆನ್ನೆಗೆ ತಾಗಿಸಿದರೆ ತಣ್ಣಗಿರಬಾರದು. ಅಚ್ಚುಗಾರರಿಗೆ ಇದೆಲ್ಲ ಗೊತ್ತಿಲ್ಲವೆ? ಚೆನ್ನಾಗಿ ಗೊತ್ತು. ಆಗಸ್ಟ್ ತಾರೀಖು ತಲೆಯ ಮೇಲಿತ್ತು, ತಡವಾದರೆ ದಿನಕ್ಕಿಷ್ಟು ಕಡಿತ ಎಂಬ ಷರತ್ತು ಆರ್ಡರಿನಲ್ಲಿತ್ತು. ಮೋಡದ ನಡುವೆ ಸಿಕ್ಕ ಎರಡು ತಾಸಿನ ಬಿಸಿಲಲ್ಲಿ ಒಣಗಿದ್ದಷ್ಟನ್ನೇ ಇಳಿಸಿದರು.

ಜೂನ್‌ನಲ್ಲಿ ಆರ್ಡರು ಕೊಡುವಾಗ ‘ಆಗುತ್ತದೆಯೇ?’ ಎಂದು ಕೇಳಿದ್ದರು. ‘ಹೋ ಜಾಯೇಗಾ ಜೀ’ (ಆಗಿಬಿಡುತ್ತದೆ) ಎಂಬ ಉತ್ತರ ಬಂದಿತ್ತು. ಇದನ್ನು ಸುಳ್ಳೆಂದು ತಿಳಿಯಬಾರದು. ಕೆಲಸ ತಂದವರನ್ನು ಬಾಗಿಲಿನಿಂದ ತಿರುಗಿಸಬಾರದೆಂಬ ಮರ್ಯಾದೆ ಅದರಲ್ಲಿದೆ, ಮಳೆಗಾಲದಲ್ಲಿ ಮನೆ ನಡೆಯಬೇಕೆಂಬ ಒತ್ತಡವೂ ಇದೆ. ಕೇಳಬೇಕಾದ ಪ್ರಶ್ನೆ ಬೇರೆ: ‘ಮೂರು ದಿನ ಬಿಸಿಲು ಬಾರದಿದ್ದರೆ ಈ ಬಟ್ಟೆಯನ್ನು ಎಲ್ಲಿ ಇಡುತ್ತೀರಿ?’ ಇದಕ್ಕೆ ಹೌದು ಎಂದು ಉತ್ತರಿಸಲು ಬರುವುದಿಲ್ಲ.

989 ಮೀಟರಿನ ಲೆಕ್ಕ

38 ಡ್ರೆಸ್ಸುಗಳ ಬಣ್ಣದ ವ್ಯತ್ಯಾಸಕ್ಕೆ ಮೊದಲು ತೊಟ್ಟಿಯನ್ನು ದೂರುವುದು ಸಹಜ. ಅದರಲ್ಲಿ ಅರ್ಧ ಸತ್ಯವಿದೆ. ನೀಲಿಯ ತೊಟ್ಟಿ ಬಟ್ಟೆ ಇಳಿದಂತೆಲ್ಲ ಸೊರಗುತ್ತದೆ. ಬೆಳಗಿನ ಮೊದಲ ತುಂಡಿನ ನೀಲಿಗೂ ಸಂಜೆಯ ಕೊನೆಯ ತುಂಡಿನ ನೀಲಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಅದ್ದುವವರು ಮೇಲಿನ ನೊರೆಯ ತಾಮ್ರದ ಮಿಂಚು, ಕೆಳಗಿನ ನೀರಿನ ಹಳದಿ-ಹಸಿರು ನೋಡಿ ಬಲ ಹೇಳುತ್ತಾರೆ, ಕಡಿಮೆಯಾದಾಗ ಮತ್ತೆ ಕೂಡಿಸುತ್ತಾರೆ. 20 ಮೀಟರಿನ ತುಂಡಿನಂತೆ ಸುಮಾರು 50 ತುಂಡು ಇಳಿದಿವೆ. ಐವತ್ತೂ ಒಂದೇ ನೀಲಿ ಇರಲು ಸಾಧ್ಯವಿಲ್ಲ, ಇರಬೇಕಾಗಿಯೂ ಇಲ್ಲ. ಒಂದು ಡ್ರೆಸ್ಸಿನ ಎಲ್ಲ ಭಾಗ ಒಂದೇ ತುಂಡಿನಿಂದ ಬಂದರೆ ಸಾಕು.

ಹಾಗೆ ಬರಲಿಲ್ಲವೇಕೆ ಎನ್ನುವುದು ಹೊಲಿಗೆ ಘಟಕದಲ್ಲಿ, ಕಟಿಂಗ್ ಮಾಸ್ಟರರ ಪುಸ್ತಕದಲ್ಲಿ ಸಿಕ್ಕಿತು. ಡ್ರೆಸ್ಸಿಗೆ 3 ಮೀಟರಿನಂತೆ 320ಕ್ಕೆ 960 ಮೀಟರು. ಬ್ರ್ಯಾಂಡು ಅದಕ್ಕೆ ಶೇ. 3 ಮಾತ್ರ ಹೆಚ್ಚು ಸೇರಿಸಿ 989 ಮೀಟರು ಕೋರಾ ಬಟ್ಟೆಗೆ ಹಣ ಕೊಟ್ಟಿತ್ತು. ಬಟ್ಟೆ ಕುಗ್ಗಿದ್ದು ಶೇ. 4. ಉಳಿದದ್ದು 949 ಮೀಟರು. ಒಂದೇ ಒಂದು ಮೀಟರು ಹಾಳಾಗದಿದ್ದರೂ 11 ಮೀಟರು ಕಡಿಮೆ! ಮೇಲಿಂದ ಕದಡಿದ ಬಟ್ಟೆ ಬೇರೆ. ಮಾಸ್ಟರು ಏನು ಮಾಡಬೇಕು? ಬೇರೆ ಬೇರೆ ತುಂಡುಗಳ ತುದಿಯಲ್ಲಿ ಉಳಿದ ಅರೆ ಮೀಟರು, ಮುಕ್ಕಾಲು ಮೀಟರುಗಳನ್ನು ಕೂಡಿಸಿ ಎದೆ ಭಾಗ ಕತ್ತರಿಸಿದರು. 38 ಡ್ರೆಸ್ಸು ಹುಟ್ಟಿದ್ದು ಹೀಗೆ. ಅವರ ಜಾಣ್ಮೆಯಿಂದ ಎಣಿಕೆ ತುಂಬಿತು, ಬಣ್ಣ ತಪ್ಪಿತು.

12 ಚಿಕ್ಕ ಡ್ರೆಸ್ಸುಗಳ ಕಥೆಯೂ ಇದರದೇ ಬಾಲ. ಹಾಳಾದ ಬಟ್ಟೆಗೆ ಬದಲಾಗಿ ಕೊನೆಯ ವಾರ ಸುಮಾರು 40 ಮೀಟರು ಹೊಸ ಕೋರಾ ತಂದರು. ಗಂಜಿ ಹೋಗುವ ಹಾಗೆ ಬಿಸಿನೀರಿನಲ್ಲಿ ಕುದಿಸಿ ಒಣಗಿಸಲು ಹೊತ್ತಿರಲಿಲ್ಲ. ತಣ್ಣೀರಿನಲ್ಲಿ ನೆನೆದು, ಅಚ್ಚಾಗಿ, ನೀಲಿಯಾಗಿ, ಹೊಲಿದಾದ ಮೇಲೆ ಕೊನೆಯ ಒಗೆತ ಮತ್ತು ಉಗಿ ಇಸ್ತ್ರಿಯಲ್ಲಿ ಬಾಕಿ ಕುಗ್ಗು ಹೊರಬಂತು. ಇದನ್ನು ತಡೆಯುವ ದಾರಿ ಬಹಳ ಅಗ್ಗ: ಪ್ರತಿ ಬಾರಿ ಹೊಸ ಬಟ್ಟೆ ಬಂದಾಗ 50 ಸೆಂ.ಮೀ. ಚೌಕ ಗುರುತು ಮಾಡಿ, ಬಿಸಿನೀರಿನಲ್ಲಿ ಒಗೆದು ಒಣಗಿಸಿ ಮತ್ತೆ ಅಳೆಯಬೇಕು. 48 ಬಂದರೆ ಶೇ. 4. ಉದ್ದಕ್ಕೂ ಅಗಲಕ್ಕೂ ಬೇರೆ ಬೇರೆ ಬರೆದುಕೊಳ್ಳಬೇಕು, ಎರಡೂ ಒಂದೇ ಇರುವುದು ಅಪರೂಪ.

ತುಂಡಿನ ಗುರುತೂ ಇಲ್ಲೇ ಹೇಳಬೇಕಾದ ವಿಷಯ. ಪೆನ್ನಿನಲ್ಲಿ ಬರೆದ ನಂಬರು ತೊಟ್ಟಿ, ಒಗೆತ ದಾಟಿ ಉಳಿಯುವುದಿಲ್ಲ. ತುಂಡಿನ ಅಂಚಿಗೆ ದಪ್ಪ ದಾರದಲ್ಲಿ ಗಂಟು ಹಾಕಿದರೆ ಉಳಿಯುತ್ತದೆ: ಮೂರು ಗಂಟು, ಸ್ವಲ್ಪ ಬಿಟ್ಟು ಐದು ಗಂಟು ಎಂದರೆ 35ನೇ ತುಂಡು. ಕತ್ತರಿಸುವ ಮೇಜಿನಲ್ಲಿ ಆ ನಂಬರು ಪದರದ ಸ್ಟಿಕ್ಕರಿಗೆ ದಾಟಬೇಕು. ಎದೆ, ಬೆನ್ನು, ತೋಳು, ಘೇರು ಎಲ್ಲಕ್ಕೂ ಒಂದೇ ನಂಬರು ಅಂಟಿಸಿ ಬಂಡಲು ಕಟ್ಟಬೇಕು.

ಕೂಲಿಯನ್ನು ಕೈಯಿಂದ ಎಣಿಸುವುದು

ಈ ಭಾಗವನ್ನು ಅನೇಕರು ಮುಜುಗರದಿಂದ ಬಿಟ್ಟುಬಿಡುತ್ತಾರೆ. ಬಿಡಬಾರದು.

ಅಚ್ಚು 12.5 ಸೆಂ.ಮೀ. ಚೌಕದ್ದು. 112 ಸೆಂ.ಮೀ. ಅಗಲದ ಬಟ್ಟೆಯಲ್ಲಿ ಅಡ್ಡಕ್ಕೆ 9, ಮೀಟರು ಉದ್ದಕ್ಕೆ 8, ಅಂದರೆ ಮೀಟರಿಗೆ 72 ಗುದ್ದು. ಒಂದು ಡ್ರೆಸ್ಸಿಗೆ 216. ಇಡೀ ಆರ್ಡರಿಗೆ 71,000ಕ್ಕೂ ಹೆಚ್ಚು ಬಾರಿ ಒಬ್ಬರ ಮುಷ್ಟಿ ಮರದ ಮೇಲೆ ಬಿದ್ದಿದೆ. ಅಂಗೈಯ ಬದಿಗೆ ಬಟ್ಟೆ ಸುತ್ತಿಕೊಂಡಿರುವುದು ಯಾಕೆಂದು ಈ ಎಣಿಕೆಯಿಂದ ಅರ್ಥವಾಗುತ್ತದೆ.

ಮೇಜಿನ ಪಕ್ಕ ಸುಮ್ಮನೆ ಒಂದು ತಾಸು ನಿಂತು ನೋಡಬೇಕು. ಒಂದು ಗುದ್ದಿಗೆ 6 ಸೆಕೆಂಡಾದರೆ ಮೀಟರಿಗೆ 7 ನಿಮಿಷ ದಾಟುತ್ತದೆ, 7 ತಾಸಿಗೆ 58 ಮೀಟರು. ಬಟ್ಟೆ ಹಾಸಿ ಪಿನ್ನು ಹಾಕುವುದು, ಮಣ್ಣು ತಿರುವುವುದು, ಅಚ್ಚು ತೊಳೆಯುವುದು ಕಳೆದರೆ 40 ಎಂದಿಟ್ಟುಕೊಳ್ಳಬಹುದು. ಮೀಟರಿಗೆ 60 ರೂ. ಎಂದು ಲೆಕ್ಕಕ್ಕಾಗಿ ಇಟ್ಟರೆ (ಇದು ಬಗರೂವಿನ ದರಪಟ್ಟಿಯಲ್ಲ) ಬಿಸಿಲಿನ ದಿನ 2,400 ರೂ. ಮಳೆಯ ದಿನ 15 ಮೀಟರಾದರೆ 900. ಅದರಲ್ಲೇ ಒತ್ತುವವರು, ಹೊಟ್ಟು ಎರಚುವವರು, ಒಣಹಾಕುವವರು ಹಂಚಿಕೊಳ್ಳಬೇಕು, ಮಣ್ಣು, ಗೋಂದು, ಸುಣ್ಣದ ಖರ್ಚೂ ಕಳೆಯಬೇಕು. ದರ ಬದಲಾಗಲಿಲ್ಲ, ಆದರೂ ದಿನದ ಸಂಪಾದನೆ ಅರ್ಧಕ್ಕಿಂತ ಕೆಳಗಿಳಿಯಿತು. ಮೀಟರು ದರ ಕೇಳಿ ಸಮಾಧಾನಪಟ್ಟುಕೊಳ್ಳುವ ಬ್ರ್ಯಾಂಡಿಗೆ ಈ ಇಳಿತ ಕಾಣುವುದೇ ಇಲ್ಲ. ಹೊಟ್ಟು ಎರಚುವ, ಒಣಹಾಕುವ ಕೆಲಸ ಮನೆಯ ಹೆಂಗಸರು ಮಾಡುವಲ್ಲಿ ಅದಕ್ಕೆ ಬಿಲ್ಲಿನಲ್ಲಿ ಸಾಲೇ ಇರುವುದಿಲ್ಲ. ಪ್ರತ್ಯೇಕ ಸಾಲು ಕೇಳಿ ಬರೆಸುವುದು ಕೊಳ್ಳುವವರಿಂದ ಆಗುವ ಕೆಲಸ.

ಹಾಳಾದ ಮೀಟರಿಗೆ ಯಾರಿಗೆ ಕೂಲಿ ಸಿಗಲಿಲ್ಲ ಎಂಬ ಪ್ರಶ್ನೆಯನ್ನು ಯಜಮಾನರ ಎದುರು ಕೆಲಸಗಾರರಿಗೆ ಕೇಳಬಾರದು, ಯಜಮಾನರನ್ನೇ ಕೇಳಬೇಕು. ಇಲ್ಲಿ ಬಂದ ಉತ್ತರ ನೇರವಾಗಿತ್ತು: ಬ್ರ್ಯಾಂಡು ಹಣ ಹಿಡಿದರೆ ಅದರ ಪೆಟ್ಟು ಕೊನೆಗೆ ಮೇಜಿನವರೆಗೆ ಇಳಿಯುತ್ತದೆ.

ಸಸ್ಯಬಣ್ಣವೆಂಬ ಮಾತು

ಬ್ರ್ಯಾಂಡಿನ ಪುಟದಲ್ಲಿ ‘ಸಂಪೂರ್ಣ ಸಸ್ಯಬಣ್ಣ’ ಎಂದಿತ್ತು. ತೊಟ್ಟಿಯಲ್ಲಿದ್ದದ್ದು ಕೃತಕ ನೀಲಿ, ಹೈಡ್ರೋಸಲ್ಫೈಟ್ ಎಂಬ ರಾಸಾಯನಿಕದಿಂದ ಕರಗಿಸಿದ್ದು. ಅಚ್ಚುಗಾರರು ಬಚ್ಚಿಟ್ಟಿರಲಿಲ್ಲ, ಯಾರೂ ಕೇಳಿರಲಿಲ್ಲ. ಬಗರೂವಿನಲ್ಲಿ ಎರಡೂ ನಡೆಯುತ್ತವೆ. ಗಿಡದ ನೀಲಿಯನ್ನು ಸುಣ್ಣ, ಬೆಲ್ಲ ಹಾಕಿ ಹುದುಗಿಸಿದ ತೊಟ್ಟಿ ನಿಧಾನ, ಚಳಿಗೆ ಇನ್ನೂ ನಿಧಾನ, ಅದರ ದರವೇ ಬೇರೆ. ಕೆಂಪಿನ ವಿಷಯವೂ ಹಾಗೇ: ಪಟಿಕ ಒತ್ತಿ, ಧಾತಕಿ ಹೂವಿನ ಜೊತೆ ತಾಮ್ರದ ಹಂಡೆಯಲ್ಲಿ ಕುದಿಸುವಾಗ ಹಾಕುವ ಅಲಿಜರಿನ್ ಎಂಬ ಕೆಂಪು ಬಣ್ಣ ಸಾಮಾನ್ಯವಾಗಿ ಕಾರ್ಖಾನೆಯದ್ದು. ಕಪ್ಪು ಮಾತ್ರ ಇಂದಿಗೂ ಬಹುಮಟ್ಟಿಗೆ ಹಳೆಯ ಕ್ರಮದಲ್ಲೇ ಸಿಗುತ್ತದೆ: ಕಬ್ಬಿಣದ ತುಕ್ಕು, ಹಳೆ ಲಾಳ, ಬೆಲ್ಲ ಮಡಕೆಯಲ್ಲಿ ವಾರಗಟ್ಟಲೆ ಹುದುಗಿ, ಹುಣಸೆ ಬೀಜದ ಗಂಜಿಯಲ್ಲಿ ದಪ್ಪವಾಗಿ, ಅಳಲೆಕಾಯಿಯಲ್ಲಿ ನೆನೆದ ಬಟ್ಟೆಯ ಮೇಲೆ ಕಪ್ಪಾಗುವುದು. ಆ ಕಬ್ಬಿಣದ ನೀರು ಹೆಚ್ಚು ಹುಳಿಯಾದರೆ ಕೆಲವು ಒಗೆತದ ನಂತರ ಕಪ್ಪು ಗೆರೆಯ ಉದ್ದಕ್ಕೇ ಬಟ್ಟೆ ಜೀರ್ಣವಾಗುತ್ತದೆ.

ಯುರೋಪಿಗೆ ಹೋಗುವ ಬಟ್ಟೆಗೆ ರೀಚ್ ಎಂಬ ಐರೋಪ್ಯ ಒಕ್ಕೂಟದ ರಾಸಾಯನಿಕ ನಿಯಮದ ಪ್ರಕಾರ ಕೆಲವು ಅಜೋ ಬಣ್ಣಗಳಿಂದ (ಕೃತಕ ಬಣ್ಣಗಳ ಒಂದು ವರ್ಗ) ಹೊರಬರುವ ಹಾನಿಕರ ಅಮೀನುಗಳು ಕಿಲೋಗೆ 30 ಮಿ.ಗ್ರಾಂ. ಮೀರಬಾರದು. ನೀಲಿ ಅಜೋ ಅಲ್ಲ, ಆದರೆ ಅದರ ಪಕ್ಕಕ್ಕೆ ‘ಸ್ವಲ್ಪ ಹಳದಿ’ ಸೇರಿಸಿ ಎಂದು ಫೋನಿನಲ್ಲಿ ಹೇಳಿದ ದಿನ ಆ ಹಳದಿಯ ಡಬ್ಬಿಯ ಲೇಬಲ್ ಫೋಟೊ ಕೇಳಬೇಕು. ನೀಲಿಯ ನಿಜವಾದ ತೊಂದರೆ ಉಜ್ಜಿದರೆ ಹತ್ತುವುದು. ಬಿಳಿ ಪಟ್ಟಿಯಿಂದ ಹತ್ತು ಸಲ ಒಣದಾಗಿ, ಹತ್ತು ಸಲ ಒದ್ದೆಯಾಗಿ ಉಜ್ಜಿ, ಪಟ್ಟಿಯನ್ನು ತುಂಡಿನ ನಂಬರಿನ ಜೊತೆ ಪಿನ್ನು ಮಾಡಿ ಇಡಬೇಕು. ತಂದಿದ್ದ ಆರು ಡ್ರೆಸ್ಸುಗಳಲ್ಲಿ ಎರಡು ಒದ್ದೆ ಪಟ್ಟಿಯಲ್ಲಿ ಗಾಢವಾಗಿ ಹತ್ತಿದವು: ಕೊನೆಯ ಒಗೆತ ಸಾಲದಾಗಿತ್ತು.

ಕೂತು ಒಪ್ಪಿದ್ದು

ಐದನೇ ದಿನ ಎರಡು ಪುಟದ ಹಾಳೆ ತಯಾರಾಯಿತು, ಹಿಂದಿಯಲ್ಲಿ ಮತ್ತು ಇಂಗ್ಲಿಷಿನಲ್ಲಿ. ಕೋರಾ ಬಟ್ಟೆ ಇನ್ನು ಶೇ. 10 ಹೆಚ್ಚು, ಅಂದರೆ 1,056 ಮೀಟರು. ಉಳಿದರೂ ಹಣ ಬ್ರ್ಯಾಂಡಿನದೇ. ಕುಗ್ಗಿದ ಮೇಲೆ ಸುಮಾರು 1,014 ಸಿಗುತ್ತದೆ, ಹಾಳಾಗಲು 54 ಮೀಟರಿನ ಅವಕಾಶ. ಜುಲೈ 1ರಿಂದ ಸೆಪ್ಟೆಂಬರ್ 15ರವರೆಗೆ ದಾಬು ಅದ್ದುವಂತಿಲ್ಲ. ಮಣ್ಣಿನ ಹದ, ಹೊಟ್ಟು, ಒಗೆತದಲ್ಲಿ ತಪ್ಪಾದರೆ ಅಚ್ಚುಗಾರರು ಮತ್ತೆ ಒತ್ತಿಕೊಡಬೇಕು. ತಾರೀಖಿನ ಒತ್ತಡದಿಂದ ಹಾಳಾದರೆ ಬ್ರ್ಯಾಂಡು ಕೂಲಿ ಕೊಡಬೇಕು. ತಡಕ್ಕೆ ದಿನದ ಕಡಿತ ತೆಗೆದುಹಾಕಲಾಯಿತು. ನೀಲಿಗೆ ಮೂರು ಚೂರು: ಒಪ್ಪುವಷ್ಟು ತಿಳಿ, ಬೇಕಾದ ನಡು, ಒಪ್ಪುವಷ್ಟು ಗಾಢ. ಪ್ರತಿಯೊಂದನ್ನೂ ಮೂರಾಗಿ ಕತ್ತರಿಸಿ ಅಚ್ಚುಗಾರರಿಗೆ, ಕಟಿಂಗ್ ಮಾಸ್ಟರಿಗೆ, ಬ್ರ್ಯಾಂಡಿಗೆ ಹಂಚಲಾಯಿತು. ಹೋಲಿಸುವುದು ಹಗಲ ನೆರಳಿನಲ್ಲಿ, ಮೊಬೈಲ್ ಫೋಟೊದಲ್ಲಲ್ಲ.

ಪ್ಯಾಕು ಮಾಡುವ ಮುಂಚೆ ಜೈಪುರದಲ್ಲೇ ಪ್ರತಿ ಪೀಸನ್ನೂ ನೋಡಬೇಕೆಂಬ ಸಾಲು ನಮ್ಮ ಮಟ್ಟಿಗೆ ಈ ಹಾಳೆಯಲ್ಲೇ ಅತಿ ಬೆಲೆಯುಳ್ಳದ್ದು. ದೋಷ ಅಲ್ಲೇ ಸಿಕ್ಕಿದ್ದರೆ 38ರಲ್ಲಿ ಎದೆ ಭಾಗ ಬಿಚ್ಚಿ ಬದಲಿಸಬಹುದಿತ್ತು, ಇಲ್ಲವೇ ಬಿಳಿ ಬೂಟಿ ತಿಳಿನೀಲಿಯಾದರೂ ಸರಿಯೆಂದು ಇಡೀ ಡ್ರೆಸ್ಸನ್ನು ಮತ್ತೊಮ್ಮೆ ನೀಲಿಗೆ ಅದ್ದಿ ವ್ಯತ್ಯಾಸ ಕುಗ್ಗಿಸಬಹುದಿತ್ತು. ಅದಕ್ಕೂ ಒಂದು ಅಡ್ಡಿ ಇತ್ತು: ಹೊಲಿದದ್ದು ಪಾಲಿಯೆಸ್ಟರ್ ದಾರದಲ್ಲಿ, ಅದು ನೀಲಿ ಹಿಡಿಯುವುದಿಲ್ಲ, ಹೊಲಿಗೆ ತಿಳಿಗೆರೆಯಾಗಿ ಎದ್ದು ಕಾಣುತ್ತದೆ. ಮುಂದಕ್ಕೆ ಹತ್ತಿ ದಾರವೇ ಆಗಲೆಂದು ಬರೆದುಕೊಂಡರು. ಕಡಲು ದಾಟಿದ 71 ಡ್ರೆಸ್ಸುಗಳನ್ನು ತಿರುಗಿ ಕಳಿಸುವ ಖರ್ಚಿಗೆ ಅರ್ಥವಿರಲಿಲ್ಲ. 12ಕ್ಕೆ ಒಂದು ಸೈಜು ಕೆಳಗಿನ ಲೇಬಲ್ಲು ಬಿತ್ತು. ಉಳಿದ 59 ‘ಮಳೆಗಾಲದಲ್ಲಿ ಅಚ್ಚಾದದ್ದು, ಅಂಚು ಮಸುಕು ಅಥವಾ ನೀಲಿಯಲ್ಲಿ ವ್ಯತ್ಯಾಸವಿದೆ’ ಎಂಬ ವಿವರದೊಂದಿಗೆ ಕಡಿಮೆ ಬೆಲೆಗೆ ಹೋದವು. ಬಾಕಿ ಹಣವನ್ನು ಪೂರ್ತಿ ಕಳಿಸಿದರು, ಪುಟದಿಂದ ‘ಸಂಪೂರ್ಣ ಸಸ್ಯಬಣ್ಣ’ ತೆಗೆದರು.

ಮುಂದಿನ ಆರ್ಡರು ಜನವರಿ ಎರಡನೇ ವಾರಕ್ಕೆ ಹೋಗುತ್ತದೆ. ಫೆಬ್ರವರಿ ಮೊದಲಿಗೆ ಕೋರಾ ಬಗರೂ ತಲುಪಬೇಕು. ಕೊನೆಯ ಅದ್ದು ಮೇ 20ಕ್ಕೆ ಮುಗಿಯಬೇಕೆಂದು ಅಚ್ಚು ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ. ಮೂರು ನೀಲಿ ಚೂರುಗಳು ಅದೇ ಮೊಳೆಗೆ ತೂಗುತ್ತಿವೆ.